ಎರಡನೆಯ ಕಟಾವಿನ ಲೆಕ್ಕ: ಮೇವಿನ ಬೆಳೆಗಳಲ್ಲಿ ಸಸ್ಯ ಹಾರ್ಮೋನುಗಳ ಕೆಲಸ

ಸಸ್ಯ ಹಾರ್ಮೋನುಗಳ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲನ್ನು ಹುಲ್ಲಿನ ಜಾತಿಯ ಗಿಡಗಳೇ ಕಲಿಸಿಕೊಟ್ಟಿವೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವರ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಬಳಸಿದ್ದು ಕ್ಯಾನರಿ ಹುಲ್ಲಿನ ಎಳೆಯ ಮೊಳಕೆಗಳನ್ನು. ಮೊಳಕೆಯ ತುದಿಗೆ ಬೆಳಕು ತಾಗದಂತೆ ಟೊಪ್ಪಿಗೆ ತೊಡಿಸಿದರೆ ಅದು ಬೆಳಕಿನತ್ತ ಬಾಗುವುದಿಲ್ಲವೆಂಬುದನ್ನು ಕಂಡ ಅವರು, ತುದಿಯಿಂದ ಕೆಳಕ್ಕೆ ಯಾವುದೋ ಪ್ರಭಾವ ಇಳಿದುಬರುತ್ತಿರಬೇಕೆಂದು ತರ್ಕಿಸಿದರು. 1926ರಲ್ಲಿ ಫ್ರಿಟ್ಸ್ ವೆಂಟ್ ಅವರು ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗರ್ ಎಂಬ ಲೋಳೆಯಂಥ ಪದಾರ್ಥದ ಮೇಲಿಟ್ಟು, ಅದರೊಳಗೆ ಇಳಿದ ವಸ್ತುವೇ ಬೆಳವಣಿಗೆಯನ್ನು ನಡೆಸುತ್ತದೆಂದು ತೋರಿಸಿದರು. ಅದನ್ನು ನಾವೀಗ ಆಕ್ಸಿನ್ ಎನ್ನುತ್ತೇವೆ. ಅದೇ ವರ್ಷ ತೈವಾನಿನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ ಅವರು, ಭತ್ತದ ಪೈರನ್ನು ಅತಿಯಾಗಿ ಉದ್ದಗೊಳಿಸಿ ಬೀಳಿಸುವ ರೋಗಕ್ಕೆ ಶಿಲೀಂಧ್ರವೊಂದು ಸ್ರವಿಸುವ ವಸ್ತುವೇ ಕಾರಣವೆಂದು ಸಾಬೀತುಪಡಿಸಿದರು. ಜಿಬ್ಬರೆಲಿನ್ ನಮ್ಮ ಕೈಗೆ ಬಂದದ್ದು ಹಾಗೆ. ಕೋಶಗಳು ಒಡೆದು ಹೆಚ್ಚುವಂತೆ ಮಾಡುವ ಹಾರ್ಮೋನುಗಳಾದ ಸೈಟೋಕೈನಿನ್‌ಗಳಲ್ಲಿ ಮುಖ್ಯವಾದ ಜಿಯಾಟಿನ್ ದೊರೆತದ್ದು 1963ರಲ್ಲಿ, ಹಾಲುಗಾಳಿನ ಮೆಕ್ಕೆಜೋಳದಿಂದ.

ಹುಲ್ಲಿನಿಂದ ಬಂದ ಈ ತಿಳಿವಳಿಕೆಯನ್ನು ಕೃಷಿ ವಿಜ್ಞಾನ ಹೆಚ್ಚಾಗಿ ಬಳಸಿಕೊಂಡಿದ್ದು ಕಾಳಿನ ಬೆಳೆಗಳಿಗೆ. ಗಿಡ್ಡ ಗೋಧಿಯಲ್ಲಿ ಜಿಬ್ಬರೆಲಿನ್‌ನ ಮಾತನ್ನು ಗಿಡ ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ, ಗಿಡ್ಡ ಭತ್ತದಲ್ಲಿ ಜಿಬ್ಬರೆಲಿನ್ ಸಾಕಷ್ಟು ತಯಾರಾಗುವುದಿಲ್ಲ. ಎರಡರಲ್ಲಿಯೂ ದಂಟು ಕುಗ್ಗಿ, ಉಳಿತಾಯವಾದ ಪೋಷಕಾಂಶ ತೆನೆಗೆ ಹೋಗುತ್ತದೆ. ಮೇವು ಬೆಳೆಯುವವರ ಅಗತ್ಯ ಇದಕ್ಕೆ ಹೆಚ್ಚುಕಡಿಮೆ ತದ್ವಿರುದ್ಧವಾದದ್ದು. ಅವರಿಗೆ ಬೇಕಾದದ್ದು ಎಲೆ, ಅದೂ ಮೆದುವಾದ, ಪ್ರೋಟೀನ್ ತುಂಬಿದ ಎಲೆ, ಮತ್ತು ಕೊಯ್ದಷ್ಟೂ ಮತ್ತೆ ಚಿಗುರುವ ಬುಡ. ಕಾಳಿನ ಬೆಳೆಯ ಪರೀಕ್ಷೆ ಒಂದೇ ಕೊಯ್ಲಿನಲ್ಲಿ ಮುಗಿಯುತ್ತದೆ. ಮೇವಿನ ಬೆಳೆಯದು ಪ್ರತಿ ಕಟಾವಿನ ಮರುದಿನ ಹೊಸದಾಗಿ ಶುರುವಾಗುತ್ತದೆ. ಆದುದರಿಂದ ಮೇವಿನ ಮೇಲೆ ಯಾವುದೇ ಹಾರ್ಮೋನಿನ ಪರಿಣಾಮವನ್ನು ಅಳೆಯುವಾಗ ಈ ಕಟಾವಿನ ಎತ್ತರವನ್ನು ನೋಡಿದರೆ ಸಾಲದು, ಮುಂದಿನ ಕಟಾವಿನ ಒಣತೂಕವನ್ನೂ ನೋಡಬೇಕೆಂಬುದು ನನ್ನ ವಾದ. ಹಾರ್ಮೋನು ಗಿಡಕ್ಕೆ ಆಹಾರ ಒದಗಿಸುವುದಿಲ್ಲ. ಗಿಡದಲ್ಲಿ ಈಗಾಗಲೇ ಇರುವ ಸಕ್ಕರೆ, ಸಾರಜನಕ ಮತ್ತು ನೀರು ಎಲ್ಲಿಗೆ, ಯಾವಾಗ ಹೋಗಬೇಕೆಂಬುದನ್ನು ಮಾತ್ರ ಅದು ಬದಲಿಸುತ್ತದೆ.

ಇದನ್ನು ಅರಿಯಲು ಹುಲ್ಲಿನ ಒಂದು ತೆಂಡೆಯನ್ನು, ಅಂದರೆ ಬುಡದಿಂದ ಏಳುವ ಕವಲನ್ನು, ಕಿತ್ತು ಬಿಡಿಸಿ ನೋಡುವುದು ಒಳ್ಳೆಯದು. ಹೊರಗಿನ ಗರಿಗಳ ಒರೆಯನ್ನು ಒಂದೊಂದಾಗಿ ಸುಲಿಯುತ್ತ ಹೋದರೆ ನಡುವಿನಲ್ಲಿ ಇನ್ನೂ ಹಸಿರೇರದ, ಬಿಳಿಯ, ಉಗುರು ತಾಗಿದರೆ ನೀರಾಡುವ ಎಳೆ ಗರಿ ಸಿಗುತ್ತದೆ. ಅದರ ಬುಡದಲ್ಲಿ, ನೆಲಮಟ್ಟದ ಸನಿಹದಲ್ಲಿ, ಬರಿಗಣ್ಣಿಗೆ ಕಷ್ಟದಿಂದ ಕಾಣುವಷ್ಟು ಚಿಕ್ಕದಾದ ಬೆಳೆಯುವ ಕುಡಿ ಇರುತ್ತದೆ. ಹುಲ್ಲಿನ ಗರಿ ಉದ್ದವಾಗುವುದು ತುದಿಯಲ್ಲಲ್ಲ, ಒರೆಯೊಳಗೆ ಅಡಗಿರುವ ಬುಡದ ಕೆಲವೇ ಸೆಂಟಿಮೀಟರ್ ಜಾಗದಲ್ಲಿ. ಅಲ್ಲಿ ಕೋಶಗಳು ಮೊದಲು ಒಡೆದು ಹೆಚ್ಚುತ್ತವೆ, ಅದರ ಮೇಲೆ ಹಿಗ್ಗುತ್ತವೆ, ಇನ್ನೂ ಮೇಲೆ ಬಲಿತು ನಿಲ್ಲುತ್ತವೆ. ನಂಬಿಕೆ ಬಾರದಿದ್ದರೆ ಸೂಜಿಯಿಂದ ತೆಂಡೆಯ ಬುಡವನ್ನು ಅಡ್ಡಲಾಗಿ ಚುಚ್ಚಿ ನಾಲ್ಕು ದಿನ ಬಿಟ್ಟು ನೋಡಬಹುದು: ಬಲಿತ ಗರಿಯ ಒರೆಯಲ್ಲಿ ತೂತು ಇದ್ದಲ್ಲೇ ಇರುತ್ತದೆ, ಎಳೆ ಗರಿಯ ತೂತು ಮಾತ್ರ ಮೇಲಕ್ಕೆ ಸಾಗಿರುತ್ತದೆ. ಇವೆರಡರ ನಡುವಿನ ಅಂತರವೇ ಆ ನಾಲ್ಕು ದಿನದ ಬೆಳವಣಿಗೆ. ಕತ್ತರಿಸಿದ ಹುಲ್ಲು, ಮೊಂಡಾದ ಕಂದು ಅಂಚನ್ನು ಹೊತ್ತುಕೊಂಡೇ ಮರುದಿನ ಮತ್ತೆ ಮೇಲೇಳುವುದು ಇದರಿಂದಲೇ. ಹಸು ಮೇಯುವುದು ಹಳೆಯ ಎಲೆಯನ್ನು. ಬೆಳೆಯುವ ಜಾಗ ಅದರ ಬಾಯಿಗೆ ಸಿಗುವುದಿಲ್ಲ. ಹಾರ್ಮೋನುಗಳ ಬಹುಪಾಲು ವ್ಯವಹಾರ ನಡೆಯುವುದೂ ಈ ಪುಟ್ಟ ಜಾಗದಲ್ಲಿಯೇ.

ಮೇವಿನ ಮಟ್ಟಿಗೆ ಹೊರಗಿನಿಂದ ಸಿಂಪಡಿಸಿ ಎಲ್ಲಕ್ಕಿಂತ ಹೆಚ್ಚು ಬಳಸಲಾಗಿರುವ ಹಾರ್ಮೋನು ಜಿಬ್ಬರೆಲಿನ್ ಗುಂಪಿನ ಜಿಬ್ಬರೆಲಿಕ್ ಆಮ್ಲ. ಗಿಡದೊಳಗೆ ಡೆಲ್ಲಾ ಎಂಬ ಪ್ರೋಟೀನ್‌ಗಳ ಗುಂಪೊಂದು ಬೆಳವಣಿಗೆಗೆ ಲಗಾಮು ಹಾಕಿಕೊಂಡಿರುತ್ತದೆ. ಜಿಬ್ಬರೆಲಿನ್ ಕೋಶದಲ್ಲಿ ತನ್ನನ್ನು ಗುರುತಿಸುವ ಗ್ರಾಹಕ ಪ್ರೋಟೀನನ್ನು ಸೇರಿದಾಗ ಈ ಡೆಲ್ಲಾ ಪ್ರೋಟೀನ್‌ಗಳು ನಾಶವಾಗಿ, ಲಗಾಮು ಸಡಿಲಗೊಂಡು, ಕೋಶಗಳು ಹಿಗ್ಗುತ್ತವೆ. ಚಳಿಗಾಲದಲ್ಲಿ ಹುಲ್ಲು ನಿಧಾನಕ್ಕೆ ಬೆಳೆಯುವುದಕ್ಕೆ ಒಂದು ಕಾರಣ, ತಂಪಿನಲ್ಲಿ ಗಿಡವೇ ತಯಾರಿಸುವ ಸಕ್ರಿಯ ಜಿಬ್ಬರೆಲಿನ್ ಕಡಿಮೆಯಾಗುವುದು. ಆಗ ಹೊರಗಿನಿಂದ ಕೊಟ್ಟದ್ದು ಕೆಲಸಕ್ಕೆ ಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಗಿಡದ ಸ್ವಂತ ಸರಬರಾಜೇ ಸಾಕಾಗುವುದರಿಂದ ಸಿಂಪಡಣೆಯ ಲಾಭ ತೀರ ಕಡಿಮೆ. ನ್ಯೂಜಿಲೆಂಡಿನ ಹಾಲಿನ ಹಸುಗಳ ಹುಲ್ಲುಗಾವಲುಗಳಲ್ಲಿ ರೈಗ್ರಾಸ್ ಎಂಬ ಹುಲ್ಲು ಮತ್ತು ಬಿಳಿ ಕ್ಲೋವರ್ ಎಂಬ ದ್ವಿದಳ ಮೇವಿನ ಮೇಲೆ ಇದನ್ನು ಚಳಿಗಾಲದ ಕೊನೆಯ ಮೇವಿನ ಕೊರತೆಯನ್ನು ತುಂಬಲು ಬಳಸುತ್ತಾರೆ. ಹಸುಗಳು ಮೇದು ಹೋದ ಕೆಲವೇ ದಿನಗಳೊಳಗೆ ಹೆಕ್ಟೇರಿಗೆ ಸುಮಾರು 8 ಗ್ರಾಂ ಸಕ್ರಿಯ ವಸ್ತುವನ್ನು ಸಿಂಪಡಿಸಿ, ಮೂರು ನಾಲ್ಕು ವಾರಗಳಲ್ಲಿ ಮತ್ತೆ ಮೇಯಿಸುವುದು ಅಲ್ಲಿನ ವಾಡಿಕೆ. ಒಂದು ಚದರ ಮೀಟರಿಗೆ ಲೆಕ್ಕ ಹಾಕಿದರೆ ಅದು ಒಂದು ಮಿಲಿಗ್ರಾಂಗಿಂತ ಕಡಿಮೆ. ಇಷ್ಟು ಅಲ್ಪ ವಸ್ತುವಿನಿಂದ ಹುಲ್ಲು ಎದ್ದು ನಿಲ್ಲುವುದನ್ನು ಕಂಡಾಗ ಯಾರಿಗಾದರೂ ಬೆರಗಾಗುವುದು ಸಹಜ.

ಬೆರಗಿನ ಜೊತೆಗೆ ಬಣ್ಣವನ್ನೂ ಗಮನಿಸಬೇಕು. ಸಿಂಪಡಿಸಿದ ಪಟ್ಟಿ ವಾರ ಕಳೆಯುವಷ್ಟರಲ್ಲಿ ಪಕ್ಕದ ಪಟ್ಟಿಗಿಂತ ಎತ್ತರವಾಗಿರುತ್ತದೆ, ಜೊತೆಗೆ ತಿಳಿಹಳದಿಗೆ ತಿರುಗಿರುತ್ತದೆ. ಇದನ್ನು ರೋಗವೆಂದೋ ಕಬ್ಬಿಣದ ಕೊರತೆಯೆಂದೋ ಭಾವಿಸಿ ಗಾಬರಿಯಾಗಬೇಕಾಗಿಲ್ಲ. ಗರಿ ಉದ್ದವಾದಷ್ಟು ವೇಗದಲ್ಲಿ ಸಾರಜನಕ ಮತ್ತು ಪತ್ರಹರಿತ್ತು ಅದಕ್ಕೆ ಬಂದು ಸೇರುವುದಿಲ್ಲ. ಇದ್ದದ್ದೇ ಹೆಚ್ಚು ಜಾಗಕ್ಕೆ ಹರಡಿಕೊಂಡಿರುತ್ತದೆ. ಮಜ್ಜಿಗೆಗೆ ನೀರು ಬೆರೆಸಿದಂತೆ. ಅದೇ ಕಾರಣಕ್ಕೆ ಇಂಥ ಮೇವಿನಲ್ಲಿ ಪ್ರತಿ ಕಿಲೋ ಒಣ ಪದಾರ್ಥದಲ್ಲಿರುವ ಕಚ್ಚಾ ಪ್ರೋಟೀನ್ ಸಾಮಾನ್ಯವಾಗಿ ಇಳಿಯುತ್ತದೆ. ಒಟ್ಟು ಒಣತೂಕ ಹೆಚ್ಚಿದ್ದರೆ ಒಂದು ಹೆಕ್ಟೇರಿನಿಂದ ದೊರೆಯುವ ಒಟ್ಟು ಪ್ರೋಟೀನ್ ಕಡಿಮೆಯಾಗಲೇಬೇಕೆಂದಿಲ್ಲ, ಆದರೆ ಹೆಚ್ಚುತ್ತದೆಂದು ಮೊದಲೇ ಎಣಿಸಿಕೊಳ್ಳುವುದು ತಪ್ಪು. ಮಣ್ಣಿನಲ್ಲಿ ಸಾರಜನಕ ಲಭ್ಯವಿರುವಾಗ ಮಾತ್ರ ಈ ಸಿಂಪಡಣೆಗೆ ಅರ್ಥವಿದೆ. ಗೊಬ್ಬರದ ಬದಲಿಗೆ ಹಾರ್ಮೋನು ಎಂಬ ಮಾತು ಕೇಳಿಬಂದರೆ ಅಲ್ಲಿಯೇ ಸಂಶಯಪಡಬೇಕು.

ಇನ್ನು ಎರಡನೆಯ ಕಟಾವು. ಮೊದಲ ಕಟಾವಿನಲ್ಲಿ ಮುಂದಿದ್ದ ಪಟ್ಟಿ, ಮರುಬೆಳವಣಿಗೆಯಲ್ಲಿ ಹಲವು ಬಾರಿ ಹಿಂದೆ ಬೀಳುತ್ತದೆ. ಏಕೆಂದರೆ ಗರಿಯನ್ನು ಉದ್ದವಾಗಿಸಲು ಖರ್ಚಾದ ಸಕ್ಕರೆ ಬಂದದ್ದು ಬುಡದ ಮತ್ತು ಬೇರಿನ ಸಂಗ್ರಹದಿಂದ. ಜಿಬ್ಬರೆಲಿನ್ ಪ್ರಭಾವದಲ್ಲಿ ಹೊಸ ತೆಂಡೆಗಳು ಕಡಿಮೆ ಒಡೆಯುತ್ತವೆ, ಬೇರಿನ ಬೆಳವಣಿಗೆ ಹಿಂಜರಿಯುತ್ತದೆ. ಬೆಳೆಯುವ ಕುಡಿ ನೆಲಮಟ್ಟದಿಂದ ಮೇಲಕ್ಕೆ ಎದ್ದರಂತೂ ಕುಡುಗೋಲಿಗೆ ಅದೇ ಸಿಕ್ಕಿ, ಆ ತೆಂಡೆ ಅಲ್ಲಿಗೆ ಮುಗಿಯುತ್ತದೆ. ಹಾಗೆಂದು ಈ ಪದ್ಧತಿಯನ್ನು ನಾನು ತಳ್ಳಿಹಾಕುತ್ತಿಲ್ಲ. ಮೇವು ತೀರ ಕಡಿಮೆಯಿರುವ ವಾರದಲ್ಲಿ ಸಿಗುವ ಒಂದು ಹೊರೆ ಹುಲ್ಲಿನ ಬೆಲೆ, ಮೇವು ಹೇರಳವಾಗಿರುವ ವಾರದಲ್ಲಿ ಕಳೆದುಕೊಳ್ಳುವ ಎರಡು ಹೊರೆಗಿಂತ ಹೆಚ್ಚಿರಬಹುದು. ಅದು ಸಾಲ ಮಾಡಿದ ಹಾಗೆ: ತೀರಿಸುವ ಕಾಲ ಯಾವುದೆಂದು ತಿಳಿದು ಮಾಡಿದ ಸಾಲದಿಂದ ತೊಂದರೆಯಿಲ್ಲ. ಕಟಾವಿನಿಂದ ಕಟಾವಿಗೆ ಸತತವಾಗಿ ಸಿಂಪಡಿಸುತ್ತ ಹೋಗುವುದು ಮಾತ್ರ ಬುಡವನ್ನೇ ಬರಿದು ಮಾಡುವ ದಾರಿ.

ಇದರ ವಿರುದ್ಧ ದಿಕ್ಕಿನ ವಸ್ತುಗಳೂ ಉಂಟು. ಜಿಬ್ಬರೆಲಿನ್ ತಯಾರಿಕೆಯ ಕೊನೆಯ ಹಂತವನ್ನು ತಡೆಯುವ ಟ್ರೈನೆಕ್ಸಾಪ್ಯಾಕ್ ಈಥೈಲ್ ಅನ್ನು ಮೇವಿಗಾಗಿ ಅಲ್ಲ, ಮೇವಿನ ಹುಲ್ಲಿನ ಬೀಜ ಬೆಳೆಯುವವರು ಬಳಸುತ್ತಾರೆ. ದಂಟು ಗಿಡ್ಡವಾಗಿ, ಬೆಳೆ ನೆಲಕ್ಕೆ ಒರಗದೆ, ರೈಗ್ರಾಸಿನಲ್ಲಿ ಬೀಜದ ಇಳುವರಿ ಏರುತ್ತದೆ. ಒಂದೇ ಜಾತಿಯ ಹುಲ್ಲಿಗೆ ಒಬ್ಬರು ಜಿಬ್ಬರೆಲಿನ್ ಕೊಡುತ್ತಾರೆ, ಇನ್ನೊಬ್ಬರು ಅದನ್ನು ತಡೆಯುತ್ತಾರೆ, ಎರಡೂ ಸರಿಯೇ. ಮೆಫ್ಲುಯಿಡೈಡ್ ಎಂಬ ನಿಯಂತ್ರಕವನ್ನು ಟಾಲ್ ಫೆಸ್ಕ್ಯೂ ಹುಲ್ಲಿನಲ್ಲಿ ತೆನೆ ಹೊರಡದಂತೆ ಮಾಡಲು ಬಳಸಲಾಗಿದೆ. ತೆನೆ ಮತ್ತು ದಂಟು ಕಡಿಮೆಯಾದಾಗ ಗಿಡವನ್ನು ಗಡುಸಾಗಿಸುವ ಲಿಗ್ನಿನ್ ಕಡಿಮೆ, ಎಲೆಯ ಪಾಲು ಹೆಚ್ಚು, ಜೀರ್ಣವಾಗುವ ಪ್ರಮಾಣ ಹೆಚ್ಚು; ಆದರೆ ಒಟ್ಟು ತೂಕ ಇಳಿಯುತ್ತದೆ.

ಬುಡದಿಂದ ಎಷ್ಟು ತೆಂಡೆಗಳು ಏಳುತ್ತವೆ ಎಂಬುದು ಮೇವಿನ ಬೆಳೆಯ ಆಯುಷ್ಯವನ್ನೇ ನಿರ್ಧರಿಸುವುದರಿಂದ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಪ್ರತಿ ಗರಿಯ ಕಂಕುಳಲ್ಲಿಯೂ ಒಂದು ಮೊಗ್ಗು ಇರುತ್ತದೆ. ಬಹುತೇಕ ಮೊಗ್ಗುಗಳು ಮಲಗಿರುತ್ತವೆ. ಮೇಲಿನ ಕುಡಿ ಮತ್ತು ಎಳೆ ಎಲೆಗಳಿಂದ ಇಳಿದುಬರುವ ಆಕ್ಸಿನ್ ಅವುಗಳನ್ನು ಮಲಗಿಸಿಟ್ಟಿರುತ್ತದೆಂದು ಬಹುಕಾಲದಿಂದ ತಿಳಿದಿತ್ತು, ಆದರೆ ಆಕ್ಸಿನ್ ತಾನೇ ಮೊಗ್ಗಿನೊಳಗೆ ಹೋಗುವುದಿಲ್ಲವೆಂಬುದು ಒಗಟಾಗಿ ಉಳಿದಿತ್ತು. 2008ರಲ್ಲಿ ಸ್ಟ್ರೈಗೋಲ್ಯಾಕ್ಟೋನ್‌ಗಳು ಕವಲೊಡೆಯುವುದನ್ನು ತಡೆಯುವ ಹಾರ್ಮೋನುಗಳೆಂದು ಗೊತ್ತಾದ ಮೇಲೆ ಚಿತ್ರ ಬಹುಮಟ್ಟಿಗೆ ತಿಳಿಯಾಯಿತು. ಆಕ್ಸಿನ್ ಸ್ಟ್ರೈಗೋಲ್ಯಾಕ್ಟೋನ್‌ನ ತಯಾರಿಕೆಯನ್ನು ಹೆಚ್ಚಿಸಿ, ಸೈಟೋಕೈನಿನ್‌ನ ತಯಾರಿಕೆಯನ್ನು ತಗ್ಗಿಸುತ್ತದೆ. ಮೊದಲನೆಯದು ಮೊಗ್ಗನ್ನು ತಡೆಯುತ್ತದೆ, ಎರಡನೆಯದು ಎಬ್ಬಿಸುತ್ತದೆ. ಸ್ವಾರಸ್ಯವೆಂದರೆ, ಇದೇ ಸ್ಟ್ರೈಗೋಲ್ಯಾಕ್ಟೋನ್‌ಗಳು ಅದಕ್ಕೂ ಬಹಳ ಹಿಂದೆಯೇ, 1966ರಲ್ಲಿ, ಜೋಳದ ಬೇರಿಗೆ ಅಂಟಿ ಬದುಕುವ ಪರಾವಲಂಬಿ ಕಳೆ ಸ್ಟ್ರೈಗಾದ ಬೀಜವನ್ನು ಮೊಳೆಯಿಸುವ ವಸ್ತುವಾಗಿ ಪತ್ತೆಯಾಗಿದ್ದವು. ರಂಜಕ ಸಾಲದ ಮಣ್ಣಿನಲ್ಲಿ ಬೇರು ಇದನ್ನು ಹೆಚ್ಚಾಗಿ ಸ್ರವಿಸುತ್ತದೆ. ಗಿಡಕ್ಕೆ ರಂಜಕ ತಂದುಕೊಡುವ ಒಳ್ಳೆಯ ಶಿಲೀಂಧ್ರವನ್ನು ಕರೆಯುವುದು ಅದರ ಉದ್ದೇಶ, ಜೊತೆಯಲ್ಲಿ ಕಳೆಯೂ ಕರೆ ಕೇಳಿಸಿಕೊಳ್ಳುತ್ತದೆ. ಅಂಥ ಮಣ್ಣಿನಲ್ಲಿ ತೆಂಡೆಗಳು ಕಡಿಮೆಯಾಗುವುದಕ್ಕೂ ಇದೇ ಒಂದು ಕಾರಣ.

ಕಟಾವು ಮಾಡಿದಾಗ ಆಗುವುದೂ ಇದರ ಮೇಲೆಯೇ ನಿಂತಿದೆ. ಉದ್ದಗೊಂಡ ದಂಟಿನ ತುದಿ ಹೋದರೆ ಆಕ್ಸಿನ್‌ನ ಮೂಲ ಹೋಗುತ್ತದೆ. ಬುಡಕ್ಕೆ ಬೆಳಕು ಬೀಳುತ್ತದೆ. ದಟ್ಟ ಎಲೆಗಳ ಕೆಳಗೆ ಕೆಂಪು ಬೆಳಕು ಸೋಸಿಹೋಗಿ ದೂರಗೆಂಪು ಮಾತ್ರ ಉಳಿದಿದ್ದಾಗ ಮಲಗಿದ್ದ ಮೊಗ್ಗುಗಳಿಗೆ ಏಳುವ ಸೂಚನೆ ಸಿಗುತ್ತದೆ. ಆದರೆ ಸೂಚನೆಯೊಂದೇ ಸಾಲದು. ಎದ್ದ ಮೊಗ್ಗಿಗೆ ಊಟ ಬೇಕು, ಮತ್ತು ತೀರ ನೆಲಕ್ಕೆ ಹತ್ತಿ ಕೊಯ್ದ ಕೂಳೆಯಲ್ಲಿ ಅದು ಉಳಿದಿರುವುದಿಲ್ಲ. ಅಮೆರಿಕದ ಕೃಷಿ ಇಲಾಖೆ 1955ರಲ್ಲಿ ಪ್ರಕಟಿಸಿದ ಕ್ರೈಡರ್ ಅವರ ಅಧ್ಯಯನದಲ್ಲಿ, ಹುಲ್ಲಿನ ಎಲೆಭಾಗದ ಅರ್ಧ ಅಥವಾ ಅದಕ್ಕಿಂತ ಹೆಚ್ಚನ್ನು ತೆಗೆದಾಗ ಬೇರಿನ ಬೆಳವಣಿಗೆ ಕೆಲಕಾಲ ನಿಂತೇ ಹೋದದ್ದು ಕಂಡುಬಂದಿತು. ಬೇರು ನಿಂತರೆ ಬೇರಿನ ತುದಿಯಲ್ಲಿ ತಯಾರಾಗುವ ಸೈಟೋಕೈನಿನ್ ಮೇಲಕ್ಕೆ ಬರುವುದೂ ತಗ್ಗುತ್ತದೆ. ಹಾರ್ಮೋನಿನ ಬಾಟಲಿಗಿಂತ ಕುಡುಗೋಲಿನ ಎತ್ತರವೇ ಮೇವಿನ ಬೆಳೆಯ ಹಾರ್ಮೋನುಗಳನ್ನು ಹೆಚ್ಚು ಬದಲಿಸುತ್ತದೆ ಎಂದು ನಾನು ಆಗಾಗ ಹೇಳುವುದು ಈ ಕಾರಣಕ್ಕೆ.

ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಇದೇ ಕಥೆಯನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ಅದರ ಬೆಳೆಯುವ ಕುಡಿ ದಂಟಿನ ತುದಿಯಲ್ಲೇ ಇರುವುದರಿಂದ ಪ್ರತಿ ಕಟಾವಿನಲ್ಲಿಯೂ ಅದು ಹೋಗುತ್ತದೆ. ಮತ್ತೆ ಚಿಗುರಬೇಕಾದದ್ದು ಬುಡದ ಗಡ್ಡೆಯಂಥ ಭಾಗದಲ್ಲಿರುವ ಮೊಗ್ಗುಗಳು. ಅವಕ್ಕೆ ಆಹಾರ ದಪ್ಪನೆಯ ತಾಯಿಬೇರಿನಲ್ಲಿ ಕೂಡಿಟ್ಟ ಪಿಷ್ಟ ಮತ್ತು ಸಂಗ್ರಹ ಪ್ರೋಟೀನ್‌ಗಳಿಂದ ಬರುತ್ತದೆ. ಕೊಯ್ದ ಮೇಲೆ ಬೇರುಗಂಟುಗಳಿಗೆ ಸಕ್ಕರೆ ಹೋಗುವುದು ನಿಂತು, ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ಒಂದು ದಿನದೊಳಗೇ ತೀವ್ರವಾಗಿ ಕುಸಿದು, ಮೊದಲಿನ ಮಟ್ಟಕ್ಕೆ ಮರಳಲು ಸುಮಾರು ಎರಡು ವಾರ ಹಿಡಿಯುತ್ತದೆ. ಅಷ್ಟು ದಿನ ಹೊಸ ಚಿಗುರಿಗೆ ಸಾರಜನಕ ಒದಗಿಸುವುದು ಹಳೆಯ ಉಳಿತಾಯವೇ. ಶರತ್ಕಾಲದಲ್ಲಿ ದಿನ ಗಿಡ್ಡವಾದಂತೆ ಈ ಸಂಗ್ರಹ ತುಂಬಿಕೊಳ್ಳುತ್ತದೆ. ಮೀಥೈಲ್ ಜಾಸ್ಮೋನೇಟ್ ಎಂಬ ಸಸ್ಯ ಹಾರ್ಮೋನನ್ನು ಕೊಟ್ಟಾಗ ಸಂಗ್ರಹ ಪ್ರೋಟೀನ್‌ಗಳು ಹೆಚ್ಚಾಗುವುದನ್ನು ಪ್ರಯೋಗಗಳು ತೋರಿಸಿವೆ.

ದ್ವಿದಳ ಮೇವುಗಳ ಬೇರುಗಂಟುಗಳಲ್ಲಿ ಹಾರ್ಮೋನುಗಳ ಪಾತ್ರ ಇನ್ನೂ ಸೊಗಸಾದದ್ದು. ರೈಜೋಬಿಯಂ ಬ್ಯಾಕ್ಟೀರಿಯಾ ಬೇರಿನ ಹೊರಪದರಕ್ಕೆ ಕೊಡುವ ಸಂಕೇತ ಒಳಗೆ ತಲುಪುವುದು ಸೈಟೋಕೈನಿನ್ ಮೂಲಕ. ಲೋಟಸ್ ಜಪಾನಿಕಸ್ ಎಂಬ ದ್ವಿದಳ ಗಿಡದಲ್ಲಿ ಸೈಟೋಕೈನಿನ್ ಗ್ರಾಹಕ ಸದಾ ಚಾಲನೆಯಲ್ಲಿರುವಂತೆ ಮಾರ್ಪಟ್ಟ ತಳಿಯಲ್ಲಿ, ಬ್ಯಾಕ್ಟೀರಿಯಾ ಇಲ್ಲದೆಯೇ ಗಂಟುಗಳು ಮೂಡಿದ್ದನ್ನು 2007ರಲ್ಲಿ ವರದಿ ಮಾಡಲಾಯಿತು. ಅನಿಲರೂಪದ ಹಾರ್ಮೋನಾದ ಎಥಿಲೀನ್ ಇಲ್ಲಿ ಕಡಿವಾಣ. ಲೂಸರ್ನ್‌ನ ಹತ್ತಿರದ ಸಂಬಂಧಿಯಾದ ಮೆಡಿಕಾಗೊ ಟ್ರಂಕಟುಲಾದಲ್ಲಿ ಎಥಿಲೀನ್‌ಗೆ ಸ್ಪಂದಿಸದ ‘ಸಿಕಲ್’ ಎಂಬ ತಳಿಯ ಬೇರಿನಲ್ಲಿ ಸಾಮಾನ್ಯ ಗಿಡಕ್ಕಿಂತ ಸುಮಾರು ಹತ್ತು ಪಟ್ಟು ಗಂಟುಗಳು ಕಾಣಿಸಿಕೊಂಡವು. ಗಂಟು ಹೆಚ್ಚಾದರೆ ಸಾರಜನಕ ಹೆಚ್ಚು, ಬೆಳೆ ಹೆಚ್ಚು ಎಂದು ಹಿಗ್ಗುವ ಹಾಗಿಲ್ಲ. ಪ್ರತಿ ಗಂಟಿಗೂ ಗಿಡ ಸಕ್ಕರೆ ತೆರಬೇಕು. ಎಷ್ಟು ಸಾಕೆಂದು ಹೇಳುವವರು ಒಬ್ಬರಿರಲೇಬೇಕು, ಎಥಿಲೀನ್ ಆ ಕೆಲಸವನ್ನು ಮಾಡುತ್ತದೆ.

ನೀರಿನ ಕೊರತೆಯಲ್ಲಿ ಮುಂದೆ ಬರುವುದು ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು. ಮಣ್ಣು ಒಣಗಿ ಎಲೆ ಬಾಡತೊಡಗಿದಾಗ ಅದರ ಪ್ರಮಾಣ ಗಂಟೆಗಳಲ್ಲಿ ಹಲವು ಪಟ್ಟು ಏರಿ, ಪತ್ರರಂಧ್ರಗಳು ಮುಚ್ಚುತ್ತವೆ. ನೀರು ಉಳಿಯುತ್ತದೆ, ಇಂಗಾಲದ ಡೈಆಕ್ಸೈಡ್ ಒಳಬರುವುದು ನಿಲ್ಲುತ್ತದೆ, ಎಲೆಯ ಬೆಳವಣಿಗೆ ಅದಕ್ಕೂ ಮೊದಲೇ ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ ಜಿಬ್ಬರೆಲಿನ್ ಸಿಂಪಡಿಸುವುದು, ಬಾಗಿಲು ಹಾಕಿಕೊಂಡು ಮಲಗಿದವರನ್ನು ಎಬ್ಬಿಸಿ ಓಡಿಸಿದಂತೆ. ಮೇವಿನ ಜೋಳದ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯನ್ನು ಹೇಳಲೇಬೇಕು, ಇದು ಹಾರ್ಮೋನಿನ ಮಾತಲ್ಲದಿದ್ದರೂ. ಎಳೆಯ ಜೋಳದಲ್ಲಿಯೂ ಬರದಿಂದ ಕುಗ್ಗಿದ ಜೋಳದಲ್ಲಿಯೂ ಧುರಿನ್ ಎಂಬ ವಸ್ತು ಹೆಚ್ಚಾಗಿರುತ್ತದೆ. ದನ ಅದನ್ನು ಅಗಿದಾಗ ಹೈಡ್ರೋಜನ್ ಸೈನೈಡ್ ಬಿಡುಗಡೆಯಾಗುತ್ತದೆ. ಬರದ ಅನಂತರ ಮಳೆ ಬಿದ್ದು ಎದ್ದ ಹೊಸ ಚಿಗುರು ನೋಡಲು ಆರೋಗ್ಯವಾಗಿಯೇ ಕಾಣುತ್ತದೆ, ಅಪಾಯವೂ ಅದರಲ್ಲೇ ಹೆಚ್ಚು. ನೀರು ನಿಂತ ಹೊಲದ ಸ್ಥಿತಿ ಇದಕ್ಕೆ ವಿರುದ್ಧ: ಅಲ್ಲಿ ಬೇರಿನಲ್ಲಿ ಎಥಿಲೀನ್ ಹೊರಹೋಗಲಾರದೆ ತುಂಬಿಕೊಂಡು, ಮೆಕ್ಕೆಜೋಳದಂಥ ಬೆಳೆಯಲ್ಲಿ ಬೇರಿನ ಕೆಲವು ಕೋಶಗಳನ್ನು ಸಾಯಿಸಿ ಗಾಳಿಯ ಕೊಳವೆಗಳನ್ನು ಮಾಡುತ್ತದೆ.

ಎಲೆ ಹಣ್ಣಾಗುವುದನ್ನು ಸೈಟೋಕೈನಿನ್ ತಡೆಯುತ್ತದೆಂಬುದು 1957ರಿಂದಲೇ ತಿಳಿದಿದೆ. ಹಸಿರಾಗಿ ಉಳಿದ ಎಲೆಯಲ್ಲಿ ಪ್ರೋಟೀನ್ ಉಳಿಯುವುದರಿಂದ ಮೇವಿಗೆ ಇದು ಒಳ್ಳೆಯದೇ. ಆದರೆ ಹಳೆಯ ಎಲೆ ತನ್ನ ಸಾರಜನಕವನ್ನು ಬಿಟ್ಟುಕೊಡದಿದ್ದರೆ ಹೊಸ ಎಲೆ ಕಾಯಬೇಕಾಗುತ್ತದೆ. ಕೃತಕ ಆಕ್ಸಿನ್‌ಗಳು ಮೇವಿನ ಹೊಲಕ್ಕೆ ಬರುವುದು ಕಳೆನಾಶಕಗಳಾಗಿ. 2,4-ಡಿ ಹುಲ್ಲನ್ನು ಬಿಟ್ಟು ಅಗಲ ಎಲೆಯ ಕಳೆಗಳನ್ನು ಕೊಲ್ಲುತ್ತದೆ, ಕ್ಲೋವರ್ ಮತ್ತು ಲೂಸರ್ನ್ ಇದ್ದರೆ ಅವಕ್ಕೂ ಹಾನಿ ಮಾಡುತ್ತದೆ. ಅದರ ಸೋದರ ವಸ್ತು 2,4-ಡಿಬಿ ತಾನಾಗಿ ನಿರುಪದ್ರವಿ. ಅದನ್ನು 2,4-ಡಿ ಆಗಿ ಪರಿವರ್ತಿಸುವ ಕಳೆಗಳು ತಮ್ಮ ವಿಷವನ್ನು ತಾವೇ ತಯಾರಿಸಿಕೊಂಡು ಸಾಯುತ್ತವೆ, ಲೂಸರ್ನ್ ಮತ್ತು ಕ್ಲೋವರ್ ಆ ಪರಿವರ್ತನೆಯನ್ನು ಅಷ್ಟಾಗಿ ಮಾಡದೆ ಬದುಕುತ್ತವೆ.

ಬೆಳವಣಿಗೆ ಪ್ರಚೋದಕವೆಂದು ಮಾರುವ ಯಾವುದೇ ದ್ರಾವಣವನ್ನು ಮೇವಿನ ಮೇಲೆ ಪರೀಕ್ಷಿಸಲು ಬಯಸುವವರಿಗೆ ನನ್ನ ಸಲಹೆ ಹೀಗಿದೆ. ಒಂದೇ ಬಗೆಯ ಮಣ್ಣಿನಲ್ಲಿ ಕೆಲವು ಪಟ್ಟಿಗಳಿಗೆ ಅದನ್ನು ಸಿಂಪಡಿಸಿ, ನಡುನಡುವೆ ಬರಿಯ ನೀರು ಸಿಂಪಡಿಸಿದ ಪಟ್ಟಿಗಳನ್ನು ಬಿಡಬೇಕು. ಏಕೆಂದರೆ ಒಣ ಎಲೆಗೆ ಬರಿಯ ನೀರೇ ಒಂದು ಉಪಚಾರ. ಒಂದೇ ಎತ್ತರದಲ್ಲಿ ಕೊಯ್ದು, ಹಸಿತೂಕವನ್ನು ಬರೆದುಕೊಂಡು, ಅದರಲ್ಲಿ ಒಂದು ಹಿಡಿಯನ್ನು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಉದ್ದವಾದ ಹುಲ್ಲು ಹೆಚ್ಚಾಗಿ ನೀರನ್ನೇ ಹೊತ್ತಿರುವುದು ಆಗ ಗೊತ್ತಾಗುತ್ತದೆ. ಬಳಿಕ ಏನನ್ನೂ ಸಿಂಪಡಿಸದೆ ಬಿಟ್ಟು, ಎರಡನೆಯ ಕಟಾವನ್ನೂ ಅದೇ ರೀತಿ ತೂಗಬೇಕು. ಅದಕ್ಕೂ ಮೊದಲು ಒಂದು ಅಡಿ ಚೌಕದಲ್ಲಿ ಎಷ್ಟು ತೆಂಡೆಗಳಿವೆಯೆಂದು ಮಂಡಿಯೂರಿ ಎಣಿಸಬೇಕು. ಎರಡು ಕಟಾವುಗಳ ಒಣತೂಕವನ್ನು ಕೂಡಿಸಿದ ಮೇಲೆ ಬರುವ ವ್ಯತ್ಯಾಸವೇ ಆ ದ್ರಾವಣದ ನಿಜವಾದ ಕೊಡುಗೆ.

ಈ ವಿಷಯದ ಬಗ್ಗೆ ನಾನು ಕೊಟ್ಟ ಉಪನ್ಯಾಸವೊಂದು ಮುಗಿದ ಮೇಲೆ ಸಭಿಕರೊಬ್ಬರು, ಹಾರ್ಮೋನು ಸಿಂಪಡಿಸಿದ ಮೇವನ್ನು ತಿಂದ ಹಸುವಿಗೆ, ಅದರ ಹಾಲಿಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದರು. ಹೆಸರು ಒಂದೇ ಆದರೂ ಸಸ್ಯದ ಹಾರ್ಮೋನು ಬೇರೆ, ಪ್ರಾಣಿಯ ಹಾರ್ಮೋನು ಬೇರೆ. ಜಿಬ್ಬರೆಲಿನ್ ಪ್ರತಿಯೊಂದು ಹಸಿರು ಎಲೆಯಲ್ಲಿಯೂ ಮೊದಲೇ ಇರುವಂಥದ್ದು, ಮತ್ತು ಉತ್ಪನ್ನದ ಚೀಟಿಯಲ್ಲಿ ಹೇಳಿದ ಪ್ರಮಾಣ ಹಾಗೂ ಕಾಯುವ ಅವಧಿಯನ್ನು ಪಾಲಿಸುವುದು ಎಲ್ಲ ಸಿಂಪಡಣೆಗಳಿಗೂ ಅನ್ವಯಿಸುವ ನಿಯಮ ಎಂದು ಉತ್ತರಿಸಿದೆ. ಆದರೆ ಆ ಪ್ರಶ್ನೆಯ ಹಿಂದಿನ ಆತಂಕಕ್ಕೆ ಆಧಾರವಿಲ್ಲವೆಂದು ಹೇಳಲಾರೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಸಬ್‌ಟೆರೇನಿಯನ್ ಕ್ಲೋವರ್ ಮೇದ ಕುರಿಗಳು ಗಬ್ಬ ಕಟ್ಟದೆ ಹೋದವು. ಆ ಹುಲ್ಲುಗಾವಲಿಗೆ ಯಾರೂ ಯಾವ ಹಾರ್ಮೋನನ್ನೂ ಸಿಂಪಡಿಸಿರಲಿಲ್ಲ. ಎಲೆಯಲ್ಲಿ ಸಹಜವಾಗಿಯೇ ಇದ್ದ ಫಾರ್ಮೊನೊನೆಟಿನ್ ಎಂಬ ವಸ್ತು ಕುರಿಯ ಹೊಟ್ಟೆಯಲ್ಲಿ ಈಕ್ವಾಲ್ ಆಗಿ ಮಾರ್ಪಟ್ಟು, ಪ್ರಾಣಿಗಳ ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಂತೆ ವರ್ತಿಸಿತ್ತು. ಗಿಡದೊಳಗೆ ಅದು ಹಾರ್ಮೋನಾಗಿ ಕೆಲಸ ಮಾಡುವುದಿಲ್ಲ. ಕುರಿಯೊಳಗೆ ಮಾತ್ರ ಮಾಡಿತು. ಪರಿಹಾರವಾಗಿ ಬಂದದ್ದು ಆ ವಸ್ತು ಕಡಿಮೆಯಿರುವ ಕ್ಲೋವರ್ ತಳಿಗಳು.